ಖಾಲಿ ಜಾಗದ ಹಾಜರಿ

ದೆವ್ವ, ಕಣಿ, ಶಕುನ ಇವೆಲ್ಲ ಮಾತಿಗೆ ಬಂದರೆ ಎದ್ದು ಹೋಗುವವಳು ನಾನು. ಅತ್ತೆ ಅಂಥದ್ದೇನಾದರೂ ಹೇಳಲು ಶುರು ಮಾಡಿದರೆ "ಸಾಕು ಬಿಡ್ರಿ ಅತ್ತಿ" ಎಂದು ಅಡುಗೆಮನೆ ಸೇರುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ, ಹಾಡುಹಗಲಲ್ಲಿ, ಮಕ್ಕಳು ತುಂಬಿದ ತರಗತಿಯಲ್ಲಿ, ನನ್ನ ಕೈಯಲ್ಲೇ ನಡೆದದ್ದನ್ನು ನಡೆಯಲಿಲ್ಲ ಎನ್ನಲು ಬರುವುದಿಲ್ಲ. ನೀವು ನಗುವುದಾದರೆ ನಗಿ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನನ್ನದು ಗಚ್ಚಿಬೌಲಿಯ ಹಿಂಬದಿಯಲ್ಲಿರುವ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ತವರು ಗಡಿಯ ಈಚೆಗೆ, ತೆಲುಗು ನಾಡಿನೊಳಗಿನ ಹಳ್ಳಿ, ಹಾಗಾಗಿ ಮನೆಮಾತು ಕನ್ನಡ, ಓದಿದ್ದು ತೆಲುಗಿನಲ್ಲಿ. ಶಾಲೆಯ ಸುತ್ತ ಏಳುತ್ತಿರುವ ಅಪಾರ್ಟ್‌ಮೆಂಟುಗಳಿಗೆ ಮರಳು, ಇಟ್ಟಿಗೆ ಹೊರಲು ಯಾದಗಿರಿ, ರಾಯಚೂರು ಕಡೆಯಿಂದ ಬಂದವರ ಮಕ್ಕಳೇ ನಮ್ಮಲ್ಲಿ ಹೆಚ್ಚು. ಆ ಮಕ್ಕಳಿಗೆ ಶೆಡ್ಡಿನಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಮೇಸ್ತ್ರಿಯ ಹತ್ತಿರ ಹಿಂದಿ. ಇದು ಸಾಲದು ಎಂಬಂತೆ ಶಾಲೆ ಇಂಗ್ಲಿಷ್ ಮಾಧ್ಯಮವಾಯಿತು. ಪುಸ್ತಕ ಬದಲಾದವು, ಗೋಡೆಯ ಮೇಲಿನ ಬೋರ್ಡು ಬದಲಾಯಿತು, ಟೀಚರು ಮಾತ್ರ ಅದೇ ನಾನು. ಮೂರು ತರಗತಿಗಳಿಗೆ ಒಂದೇ ಕೋಣೆ, ಅದೂ ಬದಲಾಗಲಿಲ್ಲ.

ಹೊಸದಾಗಿ ಬಂದದ್ದೇನೆಂದರೆ ಮುಖ ಹಾಜರಿ. ಬೆಳಿಗ್ಗೆ ಪ್ರತಿ ಮಗುವಿನ ಮುಖಕ್ಕೂ ಫೋನು ಹಿಡಿಯಬೇಕು. ಫೋನು "ಬ್ಲಿಂಕ್ ಯುವರ್ ಐಸ್" ಎನ್ನುತ್ತದೆ, ಮಗು ಕಣ್ಣು ಮಿಟುಕಿಸಬೇಕು, ಗುರುತು ಹತ್ತಿದರೆ ಹಸಿರು ಗೆರೆ. ನಮ್ಮ ಇಂಗ್ಲಿಷ್ ಮಾಧ್ಯಮದಲ್ಲಿ ಎಲ್ಲ ಮಕ್ಕಳಿಗೂ ಸರಿಯಾಗಿ ಅರ್ಥವಾದ ವಾಕ್ಯ ಇದೊಂದೇ. ಆ ದರಿದ್ರ ಫೋನಿಗೆ ತಲೆ ಬೋಳಿಸಿದರೆ ಗುರುತು ಹತ್ತುವುದಿಲ್ಲ, ಮುಖದ ಮೇಲೆ ಸಿಮೆಂಟಿನ ಧೂಳಿದ್ದರೆ ಹತ್ತುವುದಿಲ್ಲ. ನಲ್ಲಿಯ ಹತ್ತಿರ ಸಾಲು ನಿಲ್ಲಿಸಿ ಮುಖ ತೊಳೆಸಿ, ಮತ್ತೆ ಹಿಡಿದು, ಅಷ್ಟರಲ್ಲಿ ನೆಟ್‌ವರ್ಕ್ ಹೋಗಿ, ಪಾಠ ಶುರುವಾಗುವ ಹೊತ್ತಿಗೆ ನನ್ನ ತಲೆ ಕೆಟ್ಟು ಹೋಗಿರುತ್ತಿತ್ತು. ಇಷ್ಟು ಸಾಲದ್ದಕ್ಕೆ ಇನ್ನೊಂದು ನಿಯಮ. ಗೊತ್ತುಪಡಿಸಿದಷ್ಟು ದಿನ ಮುಖ ತೋರಿಸದ ಮಗುವಿನ ಹೆಸರು ತಾನಾಗಿಯೇ ಬಿದ್ದುಹೋಗುತ್ತದೆ. ಮತ್ತೆ ಸೇರಿಸಲು ಊರಿನ ಶಾಲೆಯಿಂದ ಟಿ.ಸಿ. ಬೇಕು, ಹೆಸರು ಹೊಂದುವ ಆಧಾರ್ ಬೇಕು. ಬದುಕನ್ನೇ ತಲೆಯ ಮೇಲೆ ಹೊತ್ತು ತಿರುಗುವವರು ಅವನ್ನೆಲ್ಲ ಎಲ್ಲಿಂದ ತರಬೇಕು? ಕೇಳಲು ನನಗೂ ಬಾಯಿದೆ, ಕೇಳಿಸಿಕೊಳ್ಳುವವರಿಲ್ಲ.

ಮೂರನೇ ತರಗತಿಯಲ್ಲಿ ಭೀಮವ್ವ ಎಂಬ ಹುಡುಗಿ ಇದ್ದಳು. ಯಾದಗಿರಿ ಕಡೆಯವಳು. ಅದಕ್ಕೂ ಮೊದಲು ಎರಡು ಶಾಲೆಗಳಲ್ಲಿ ಹೆಸರು ಬಿದ್ದು, ಹೇಗೋ ನಮ್ಮಲ್ಲಿ ಸೇರಿದ್ದಳು. ಕಿಟಕಿಯ ಪಕ್ಕ ಗೋಡೆಗೆ ಒರಗಿ ಕೂರುವುದು ಅವಳ ಜಾಗ. ಓದುವ ಹುಚ್ಚು ಎಂಥದ್ದೆಂದರೆ, ಊಟದ ತಟ್ಟೆ ಮುಂದಿದ್ದರೂ ಗೋಡೆಯ ಮೇಲಿನ ಅಕ್ಷರ ಓದುತ್ತಲೇ ಇರುತ್ತಿದ್ದಳು. ನನಗೆ ಅವಳ ಮೇಲೆ ಜೀವ, ಮುಚ್ಚಿಡುವುದೇಕೆ?

ಒಂದು ಸಂಜೆ ಅವಳ ತಾಯಿ ದೇವಮ್ಮ ಬಂದಳು. ಮೇಸ್ತ್ರಿ ಇವರನ್ನು ಶಂಷಾಬಾದಿನ ಆಚೆಯ ಬೇರೆ ಕೆಲಸಕ್ಕೆ ಸಾಗಿಸುತ್ತಿದ್ದ.

"ಟೀಚರ, ಹೋಗಲಿಲ್ಲಂದ್ರ ಕೂಲಿ ಇಲ್ರಿ. ದಸರಾ ಸೂಟಿ ಮುಗಿಯೂದ್ರಾಗ ವಾಪಸ್ ಬರ್ತೀವಿ. ಅಲ್ಲೀತನಕ ಹೆಸರ ತಗೀಬ್ಯಾಡ್ರಿ. ಈ ಸಲ ಹೆಸರ ಹೋತಂದ್ರ ಇವರಪ್ಪ ಆಕೀನ್ನೂ ಕೆಲಸಕ್ಕ ಹಚ್ಚತಾನ."

ಹೆಸರು ತೆಗೆಯುವುದು ನಾನಲ್ಲ, ಫೋನು ಎಂದು ಅವಳಿಗೆ ಹೇಗೆ ಹೇಳಲಿ? "ನೋಡೋಣವ್ವ" ಎಂದೆ. ಹೆಡ್‌ಮಾಸ್ಟರನ್ನು ಕೇಳಿದೆ. ಅವರು ಒಳ್ಳೆಯವರೇ, ಆದರೆ "ಮನ ಚೇತಿಲೋ ಏಮುಂದಮ್ಮಾ", ನಮ್ಮ ಕೈಯಲ್ಲೇನಿದೆ ಎಂದು ಎರಡೂ ಕೈ ಚೆಲ್ಲಿದರು. ಮೇಲಿನ ಕಚೇರಿಗೆ ಹೋದೆ. ನಿಯಮ ಮಕ್ಕಳ ಒಳ್ಳೆಯದಕ್ಕೇ ಇದೆ ಎಂದು ಅಲ್ಲಿ ನನಗೇ ಬುದ್ಧಿ ಹೇಳಿ ಕಳಿಸಿದರು. ಬಸ್ಸಿನಲ್ಲಿ ಬರುವಾಗ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು.

ಕಡೆಯ ದಿನ ಬಂದೇಬಿಟ್ಟಿತು. ಅವತ್ತು ಭೀಮವ್ವನ ಮುಖ ಬೀಳದಿದ್ದರೆ ಸಂಜೆಗೆ ಹೆಸರು ಇರುವುದಿಲ್ಲ. ದಸರಾ ರಜೆಯ ಹಿಂದಿನ ದಿನ ಅದು. ಹೆಣ್ಣುಮಕ್ಕಳು ಬತುಕಮ್ಮ ಎಂಬ ಇಲ್ಲಿಯ ಹೂವಿನ ಹಬ್ಬಕ್ಕೆಂದು ಚೆಂಡುಹೂ, ತಂಗಡಿಹೂ ತಂದು ಮೂಲೆಯಲ್ಲಿ ರಾಶಿ ಹಾಕಿದ್ದರು. ನಾನು ಎಂದಿನಂತೆ ಸಾಲು ಹಿಡಿದು ಹಾಜರಿ ಹಾಕುತ್ತ ಬಂದೆ. ಕಿಟಕಿಯ ಪಕ್ಕದ ಜಾಗ ಖಾಲಿ. ಮಕ್ಕಳಿಗೆ ಒಂದು ಪದ್ಧತಿ ಇತ್ತು. ಶೆಡ್ಡು ಬದಲಿಸಿ ಹೋದ ಮಗುವಿನ ಜಾಗದಲ್ಲಿ ಹೆಸರು ಬೀಳುವವರೆಗೆ ಯಾರೂ ಕೂರುವುದಿಲ್ಲ. ಎಷ್ಟು ಇಕ್ಕಟ್ಟಾದರೂ ಕೂರುವುದಿಲ್ಲ.

ಆ ಖಾಲಿ ಜಾಗ ನೋಡಿ ನನಗೆ ಮೈಯೆಲ್ಲ ಉರಿಯಿತು. "ನಿನ್ನ ಬಾಯಾಗ ಮಣ್ಣ ಬೀಳಲಿ" ಎಂದು ಫೋನಿಗೆ ಬೈದೆ, ತುಟಿಯೊಳಗೇ. ಹಲ್ಲು ಕಚ್ಚಿ ಅದನ್ನು ಆ ಗೋಡೆಗೇ ಹಿಡಿದೆ. ಏಕೆ ಹಿಡಿದೆನೋ ಗೊತ್ತಿಲ್ಲ.

"ಬ್ಲಿಂಕ್ ಯುವರ್ ಐಸ್" ಎಂದಿತು ಫೋನು.

ಸುಣ್ಣ ಹಚ್ಚಿದ ಬರಿಯ ಗೋಡೆ. ಚಿತ್ರವಿಲ್ಲ, ಕನ್ನಡಿಯಿಲ್ಲ. ಒಂದು ಕ್ಷಣ ಕಳೆಯಿತು. ಹಸಿರು ಗೆರೆ ಬಂತು, ಕೆಳಗೆ ಭೀಮವ್ವನ ಹೆಸರು. ಮಕ್ಕಳು ಗದ್ದಲ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಮತ್ತೊಮ್ಮೆ ಹಿಡಿದೆ, ಇವಳ ಹಾಜರಿ ಆಗಿದೆ ಎಂದಿತು. ಸಹಾಯವಾಣಿಗೆ ಫೋನು ಮಾಡಿದರೆ ಅಲ್ಲಿನ ಹುಡುಗ, ಮುಖವಿಲ್ಲದೆ ಹಾಜರಿ ಬೀಳುವುದು ಸಾಧ್ಯವೇ ಇಲ್ಲ, ನೀವು ಸರಿಯಾಗಿ ನೋಡಿಲ್ಲ ಎಂದ. ಇದ್ದ ಮಕ್ಕಳನ್ನು ಫೋನು ಇಲ್ಲ ಎಂದಾಗಲೂ ಅವನು ಹೀಗೇ ಹೇಳುತ್ತಿದ್ದ. ಫೋನೇ ಎಲ್ಲೋ ಕೆಟ್ಟಿರಬೇಕು ಎಂದುಕೊಂಡು ಪಾಠಕ್ಕೆ ತಿರುಗಿದೆ.

ರಜೆ ಮುಗಿದ ಬೆಳಿಗ್ಗೆ ನಾನು ಗೇಟು ತೆಗೆಯುವಾಗಲೇ ತಾಯಿ ಮಗಳು ಅಲ್ಲಿ ನಿಂತಿದ್ದರು. ಬೇರೆ ಯಾವ ಮಗುವೂ ಇನ್ನೂ ಬಂದಿರಲಿಲ್ಲ. ಹೆಸರು ಉಳಿದಿದೆ ಎಂದು ಹೇಳಿದಾಗ ದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭೀಮವ್ವ ಮಾತ್ರ ಅದರಲ್ಲೇನಿದೆ ಎಂಬಂತೆ ನನ್ನ ಮುಖ ನೋಡಿದಳು.

"ನಾ ಬಂದಿದ್ನಲ್ರಿ ಟೀಚರ. ಹೂ ತಂದಿದ್ರಲ್ಲ, ಅವತ್ತ. ನೀವು ಫೋನಿಗಿ ಬಾಯಾಗ ಮಣ್ಣ ಬೀಳಲಿ ಅಂದ್ರಿ. ಆಮ್ಯಾಗ ಅದು ಬ್ಲಿಂಕ್ ಅಂತು, ನಾ ಕಣ್ಣ ಮಿಟುಕಿಸಿದೆ."

"ಏನರೆ ಹೇಳತಾಳ್ರಿ," ಎಂದಳು ದೇವಮ್ಮ. "ಅವತ್ತ ಜ್ವರ ಬಂದು ಶೆಡ್ಡಿನ್ಯಾಗ ಮಲಗಿದ್ಲು. ಎದ್ದು ನಿಂದ್ರಾಕೂ ಆಗತಿರಲಿಲ್ಲ."

ಆ ಬೈಗುಳ ನನ್ನ ತುಟಿ ದಾಟಿರಲಿಲ್ಲ.

ಭೀಮವ್ವ ಐದನೆಯದು ಮುಗಿಸಿ ವಸತಿಶಾಲೆಗೆ ಸೇರಿದಳು, ಚೆನ್ನಾಗಿದ್ದಾಳೆ. ಅತ್ತೆಗೆ ಇದನ್ನು ಹೇಳಿದೆ. ಅವರು "ದೇವರ ಕಣ್ಣ ತೆರದಾನ" ಎಂದರು. ತೆರೆದಿದ್ದರೆ ಒಂದೇ ಸಲ ಏಕೆ ತೆರೆದ ಎಂದು ನನಗೆ ಸಿಟ್ಟು ಬರುತ್ತದೆ. ಏಕೆಂದರೆ ಶೆಡ್ಡುಗಳು ಬದಲಾಗುತ್ತಲೇ ಇವೆ, ಹೆಸರುಗಳು ಬೀಳುತ್ತಲೇ ಇವೆ. ಏನನ್ನೂ ನಂಬದ ನಾನು ಇವತ್ತಿಗೂ ಬೆಳಿಗ್ಗೆ ಹಾಜರಿ ಮುಗಿದ ಮೇಲೆ ಒಂದೊಂದೇ ಖಾಲಿ ಜಾಗದ ಮುಂದೆ ಫೋನು ಹಿಡಿದು ನಿಲ್ಲುತ್ತೇನೆ. ಮುಖ ಕಾಣಿಸುತ್ತಿಲ್ಲ ಎನ್ನುತ್ತದೆ ಅದು. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿರುತ್ತಾರೆ. ನಾನು ಇನ್ನೂ ಸ್ವಲ್ಪ ಹೊತ್ತು ಹಿಡಿದೇ ಇರುತ್ತೇನೆ.