ಕಾಗವಾಡ ದಾಟದ ಮಾತು

ಮೊನ್ನೆ ಮಾತಾಡಿಸಲು ಬಂದಿದ್ದ ಹೆಂಗಸೊಬ್ಬಳ ಸೆರಗಿನಿಂದ ಬೀಡಿ ತಂಬಾಕಿನ ವಾಸನೆ ಬಂತು. ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದವಳಿಗೆ ಆ ಘಾಟೆಂದರೆ ತವರು. ತಟ್ಟನೆ ಅಲ್ಲಿನ ಪಕ್ಕದ ಮನೆಯ ಮಾವಶಿ ನೆನಪಾದಳು.

ನಮ್ಮಲ್ಲೇ ಇದ್ದ ನನ್ನ ತಂಗಿ ತೀರಿಕೊಂಡು ಎರಡು ವಾರವಾಯಿತು. ಸಾವಾದ ಮನೆಯವರನ್ನು ಮಾತಾಡಿಸಿ ಬರುವುದು ನಮ್ಮ ಕಡೆಯ ರೂಢಿ, ಹಾಗಾಗಿ ಚಿಕ್ಕೋಡಿಯ ನಮ್ಮ ಮನೆಗೆ ದಿನವೂ ಜನ. ಚಾಪೆಯ ಮೇಲೆ ಕೂತವರೇ "ಹೆಂಗಾತ್ರಿ?" ಎನ್ನುತ್ತಾರೆ. ನಾನು, "ಮತ್ತ ಉಸಿರು ಹತ್ತಿತ್ರಿ, ಮಿರಜಿ ದವಾಖಾನಿಗೆ ಕರಕೊಂಡು ಹೊಂಟಿದ್ವಿ, ಕಾಗವಾಡದಾಗ..." ಎನ್ನುವಷ್ಟರಲ್ಲಿ, "ನಮ್ಮ ಮಾವಗೂ ಹಿಂಗ ಆಗಿತ್ತ ನೋಡ್ರಿ!" ಎಂದು ಅವರ ಕಥೆ ಶುರು. ಅಥಣಿಯ ಬೀಗರೊಬ್ಬರಂತೂ ತಮ್ಮ ಮೊಣಕಾಲಿನ ಆಪರೇಶನ್ನು ಬಿಡಿಸಿ ಬಿಡಿಸಿ ಹೇಳಿ, ಹೊರಡುವಾಗ, "ನಿಮ್ಮ ಕೂಡ ಮಾತಾಡಿ ಮನಸ್ಸು ಹಗುರಾತ್ರಿ" ಎಂದರು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ಜನ ಬಂದು ಹೋದರೂ ನನ್ನ ಮಾತು ಕಾಗವಾಡ ದಾಟಲೇ ಇಲ್ಲ.

ಮಾವಶಿ ಬೀಡಿ ಕಟ್ಟುತ್ತಿದ್ದಳು. ತೊಡೆಯ ಮೇಲೆ ಮೊರ, ಮೊರದಲ್ಲಿ ತಂಬಾಕು ಮತ್ತು ಕತ್ತರಿಸಿದ ಎಲೆ. ನನ್ನ ಮೊದಲ ನಿಶ್ಚಯ ಮುರಿದಾಗ ಓಣಿಯ ಹೆಂಗಸರೆಲ್ಲ ಬುದ್ಧಿ ಹೇಳಲು ಸಾಲು ಹಚ್ಚಿದ್ದರು. ತಪ್ಪಿಸಿಕೊಂಡು ಅವಳ ಪಡಸಾಲೆಗೆ ಹೋದೆ. ಅವಳು ಮುಖ ಎತ್ತಲಿಲ್ಲ. ಕಣ್ಣು ಎಲೆಯ ಮೇಲೆ, ಬೆರಳು ದಾರದ ಮೇಲೆ. ಮುಖ ನೋಡುತ್ತ ಕೂತರೆ ಹೇಳುವವರಿಗೆ ಮಾತು ಹೊರಡುವುದಿಲ್ಲವೆಂದು ಅವಳಿಗೆ ಹೇಗೆ ಗೊತ್ತಿತ್ತೋ... ನಾನು ತಡವರಿಸಿದಾಗಲೆಲ್ಲ ಒಂದೇ ಮಾತು, "ಆಮ್ಯಾಲ?" ತನ್ನ ಲಗ್ನದ ಕಥೆ ತೆಗೆಯಲಿಲ್ಲ, ಇನ್ನೊಂದು ಗಂಡು ತೋರಿಸುತ್ತೇನೆ ಎನ್ನಲಿಲ್ಲ. ಎಲ್ಲ ಹೇಳಿ ಮುಗಿಸಿದ ಮೇಲೆ ಮೊರ ಪಕ್ಕಕ್ಕಿಟ್ಟು, "ಆತಿಲ್ಲ ಪೋರಿ? ಏಳು, ಮಾರಿ ತೊಳಕೊ. ಚಾ ಮಾಡ್ತೀನಿ" ಅಂದಳು. ಅವತ್ತು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ನಿನ್ನೆ ರಾಯಬಾಗದಿಂದ ತಂಗಿಯ ಮಗಳು ಬಂದಳು. ಮಣ್ಣಿನ ದಿನ ಗದ್ದಲದಲ್ಲಿ ಮಾತಾಡಲು ಆಗಿರಲಿಲ್ಲ, ಅವಳಿಗೊಬ್ಬಳಿಗಾದರೂ ಹೇಳಬೇಕೆಂದು ನಾನು ಕಾದಿದ್ದೆ. ಒಳಗೆ ಕಾಲಿಡುತ್ತಲೇ, "ದೊಡ್ಡವ್ವಾ, ಅರ್ಧ ದಾರ್‍ಯಾಗ ಗಾಡಿ ಯಾಕ ಹೊಳ್ಳಿಸಿದಿ? ದವಾಖಾನಿ ಮುಟ್ಟಿದ್ರ ನಮ್ಮವ್ವ ಉಳೀತಿದ್ಲು!" ಎಂದು ಸಿಡಿದಳು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅವಳ ಮುಖ ನೋಡಿ ನುಂಗಿಕೊಂಡೆ. ಮೊರದಲ್ಲಿ ಬೇಳೆ ಸುರುವಿಕೊಂಡು, ತಲೆ ತಗ್ಗಿಸಿ ಹಸನು ಮಾಡುತ್ತ ಕೇಳಿದೆ, "ಆಮ್ಯಾಲ?"

ಅವಳು ಬೈದಳು, ಅತ್ತಳು, ಅವ್ವ ಮಾಡುತ್ತಿದ್ದ ಶೇಂಗಾ ಹೋಳಿಗೆಯ ಮಾತು ತೆಗೆದಳು. ಕೊನೆಗೆ ಮುಖ ತೊಳೆದು, ಚಹಾ ಕುಡಿದು ಹೋದಳು. ನನ್ನನ್ನು ಮಾತ್ರ ಏನೂ ಕೇಳಲಿಲ್ಲ. ಕೇಳುವವರ ಪಾಡು ಇಷ್ಟೇ ಏನೋ ಎಂದು ಸಿಟ್ಟೂ ಬಂತು, ಅಳುವೂ ಬಂತು.

ಮಾವಶಿ ಹೋಗಿ ವರ್ಷಗಳೇ ಆದವು. ಇದ್ದಿದ್ದರೆ ಬಸ್ಸು ಹತ್ತಿ ನಿಪ್ಪಾಣಿಗೆ ಹೋಗಿ ಅವಳ ಮುಂದೆ ಕೂಡುತ್ತಿದ್ದೆ. ಅವಳು ಎಲೆ ಸುತ್ತುತ್ತ, ಆಮ್ಯಾಲ, ಎನ್ನುತ್ತಿದ್ದಳು.

ಆಮೇಲೆ... ಕಾಗವಾಡದಲ್ಲಿ ತಂಗಿ ನನ್ನ ಕೈ ಹಿಡಿದು, "ಅಕ್ಕಾ, ಸಾಕು ಬೇ. ಮನಿಗಿ ಹೋಗೂನು" ಅಂದಳು. ವರ್ಷವಿಡೀ ಡಾಕ್ಟರರು ಹೇಳಿದ್ದನ್ನು, ನಾವು ಹೇಳಿದ್ದನ್ನು ಅವಳು ಕೇಳಿದ್ದಳು. ಅವತ್ತು ಅವಳ ಮಾತನ್ನು ನಾನು ಕೇಳಿದೆ.