ಬಾವಿಯ ತಳದ ಕೆಸರು

ಕೊಳೆತ ಕೋಳಿಪುಕ್ಕದ ವಾಸನೆ ಎಲ್ಲೇ ಮೂಗಿಗೆ ಬಡಿದರೂ ನನಗೆ ನೆನಪಾಗುವುದು ನಮ್ಮಜ್ಜಿಯ ಒದ್ದೆ ತಲೆ. ಎರಡಕ್ಕೂ ಏನು ಸಂಬಂಧ ಅಂತ ನೀವು ಮುಖ ಸಿಂಡರಿಸಬಹುದು. ಸಿಂಡರಿಸಿ, ನಾನೂ ಸಿಂಡರಿಸಿಕೊಂಡೇ ಬರೆಯುತ್ತಿದ್ದೇನೆ. ಎರಡೂ ಒಂದೇ ಬಾವಿಯವು. ಚಿನಕುರಳಿಯಲ್ಲಿ ಬಸ್ಸಿಳಿದು ನಮ್ಮೂರಿಗೆ ನಡೆದು ಬಂದರೆ, ನಮ್ಮ ಹಳೇ ತೊಟ್ಟಿಮನೆಯ ಹಿತ್ತಲಲ್ಲಿ, ಹುಣಸೆಮರದ ನೆರಳಿಗೆ ಕಲ್ಲು ಮೆಟ್ಟಿಲಿನ ದೊಡ್ಡ ಬಾವಿಯಿತ್ತು. ಪಾಚಿ, ಉದುರಿದ ಹುಣಸೆ ಹೂವು, ತೊಯ್ದ ಕಲ್ಲು ಎಲ್ಲ ಬೆರೆತ ತಣ್ಣನೆಯ ವಾಸನೆ ಅದರ ನೀರಿಗೆ. ಅಜ್ಜಿ ಮುಳುಗೆದ್ದು ಬಂದು ಪಕ್ಕದಲ್ಲಿ ಕೂತರೆ ಅವಳ ತಲೆಯಿಂದಲೂ ಅದೇ ವಾಸನೆ ಬರುತ್ತಿತ್ತು.

ನಮ್ಮ ಮನೆಯಲ್ಲೊಂದು ಕಟ್ಟಳೆಯಿತ್ತು. ಹೆಣ್ಣುಮಕ್ಕಳು ಬಾವಿಯ ತಳ ಮುಟ್ಟಿ ಹಿಡಿ ಕೆಸರು ತಂದು ಅಜ್ಜಿಯ ಅಂಗೈಗೆ ಹಾಕುವವರೆಗೆ ಯಾರೂ ಅವರ ಮದುವೆಯ ಮಾತೆತ್ತುವಂತಿರಲಿಲ್ಲ. ಬೇರೆ ಊರಿಂದ ಬಂದ ಸೊಸೆಯರೂ ಮೊದಲ ಬೇಸಿಗೆಯಲ್ಲೇ ನೀರಿಗಿಳಿಯಬೇಕಿತ್ತು. ಅಜ್ಜಿಯ ತಂಗಿ ನಮ್ಮೂರ ನಾಲೆಯಲ್ಲಿ ಬಟ್ಟೆ ಒಗೆಯುವಾಗ ಕಾಲು ಜಾರಿ, ಎದೆಮಟ್ಟದ ನೀರಲ್ಲಿ ಸತ್ತಿದ್ದಳಂತೆ. “ಎಣ್ಣಾಗಿ ಉಟ್ಟುದ್ಕೆ ಈಜ್ ಬರ್ದೆ ಸಾಯ್ಬೇಕಾ? ದ್ಯಾವ್ರು ನಮ್ಗೂ ಕೈಕಾಲ್ ಕೊಟ್ಟಿಲ್ವಾ?” ಅನ್ನುತ್ತಿದ್ದಳು ಅಜ್ಜಿ. ಬೇಸಿಗೆಯ ಮಧ್ಯಾಹ್ನ ಗಂಡಸರೆಲ್ಲ ಗದ್ದೆ ಕಡೆಗೋ ಪಾಂಡವಪುರದ ಕಡೆಗೋ ಹೋದ ಮೇಲೆ ಹಿತ್ತಲ ಬಾಗಿಲಿಗೆ ಅಗಳಿ ಬೀಳುತ್ತಿತ್ತು. ಅಜ್ಜಿ ಸೀರೆಗೆ ಕಚ್ಚೆ ಹಾಕಿ, ತೇಲಲೆಂದು ಒಣಗಿದ ಸೋರೆ ಬುರುಡೆಯನ್ನು ನಮ್ಮ ಬೆನ್ನಿಗೆ ಬಿಗಿದು, ಮೆಟ್ಟಿಲಿನಿಂದ ನೂಕಿಬಿಡುತ್ತಿದ್ದಳು. ಅಕ್ಕಪಕ್ಕದ ಮನೆಯ ಹುಡುಗಿಯರು, ಸೊಸೆಯರು, ಮಂಡಿ ಹಿಡಿದುಕೊಂಡ ಮುದುಕಿಯರು, ಎಲ್ಲರೂ ಬರುತ್ತಿದ್ದರು. ಮುದುಕಿಯರು ಮೆಟ್ಟಿಲ ಮೇಲೆ ಸೊಂಟಮಟ್ಟ ನೀರಲ್ಲಿ ಕೂತು ಕಾಲು ಬಡಿಯುತ್ತಿದ್ದರು. ತಾತನೆದುರು ತಲೆಯೆತ್ತದ ನನ್ನವ್ವ ಬಾವಿಕಟ್ಟೆಯಿಂದ ಧುಮುಕುವಾಗ ಹಾಕುತ್ತಿದ್ದ ಕೇಕೆ ಇದೆಯಲ್ಲ, ಅದನ್ನು ಮನೆಯೊಳಗೆ ನಾನೊಂದು ದಿನವೂ ಕೇಳಿದ್ದಿಲ್ಲ.

ಬುರುಡೆ ಬಿಚ್ಚಿ ತಳ ಮುಟ್ಟುವ ನನ್ನ ಸರದಿ ಬಂದಾಗ ಮೆಟ್ಟಿಲು ತಬ್ಬಿಕೊಂಡು ಅತ್ತೆ. “ನೀರಿಗಿಳಿದ್ ಮೇಲೆ ಚಳಿ ಏನು ಮಳೆ ಏನು, ಬಾ ಮಗ” ಎಂದು ಅಜ್ಜಿ ನನ್ನ ಜೊತೆಗೇ ಮುಳುಗಿದಳು. ಕಿವಿ ಗುಂಯ್ಗುಟ್ಟಿತು, ಎದೆ ಬಿರಿಯಿತು, ಬೆರಳಿಗೆ ಬೆಣ್ಣೆಯಂಥ ಮಣ್ಣು ಸಿಕ್ಕಿತು. ಮೇಲೆ ಬಂದಾಗ ಅಜ್ಜಿ ಅದನ್ನು ನನ್ನ ಹಣೆಗೆ ಹಚ್ಚಿ, “ಗೆದ್ಬುಟ್ಟೆ ಕಣವ್ವ. ಇನ್ ಯಾವ್ ನೀರೂ ನಿನ್ನ ನುಂಗಕ್ಕಿಲ್ಲ” ಅಂದಳು. ಅವತ್ತಿನಷ್ಟು ಹೆಮ್ಮೆ ನನಗೆ ಮತ್ಯಾವ ದಿನವೂ ಆಗಿಲ್ಲ.

ಅಜ್ಜಿ ಹೋದಳು, ಬೋರ್‌ವೆಲ್ ಬಂತು, ಬಾವಿ ತಿಪ್ಪೆಯಾಯಿತು. ಕೋಳಿ ಅಂಗಡಿಯವನು ರಾತ್ರೋರಾತ್ರಿ ಕರುಳು ಪುಕ್ಕ ಸುರಿದು ಹೋಗುತ್ತಿದ್ದ ಅಂತ ಅವನನ್ನು ಬೈಯಬಹುದು. ಆದರೆ ನಮ್ಮ ತೊಟ್ಟಿಮನೆಯವರೇ ಕೂಸಿನ ಡೈಪರ್ ಎಸೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೀರಿನ ಮೇಲೆ ಹಸಿರು ಕೆನೆ, ಅದರ ಮೇಲೆ ಉಬ್ಬಿದ ಇಲಿ. ಅವ್ವ ಧುಮುಕುತ್ತಿದ್ದ ಆ ಕಟ್ಟೆಯ ಮೇಲೆ ನಿಂತು ನಾನು ವಾಂತಿ ಮಾಡಿಕೊಂಡೆ.

ಹೂಳೆತ್ತಿಸೋಣ, ಹೆಣ್ಣುಮಕ್ಕಳಿಗೆ ಈಜು ಕಲಿಸೋಣ ಅಂತ ತಮ್ಮನಿಗೆ ಅಂಗಲಾಚಿದೆ. ಅವನು ಹೊಟ್ಟೆ ಸವರಿಕೊಂಡು, “ಅಕ್ಕ, ಆ ಗಬ್ಬು ಇಟ್ಕಂಡು ಏನ್ ಮಾಡೀಯೆ, ಸುಮ್ಕಿರು. ಊರೋರ್ ಆರೋಗ್ಯಕ್ಕೆ ಅಂತ ಪಂಚಾಯ್ತಿಗೆ ಜಾಗ ಕೊಟ್ಬುಟ್ಟಿವ್ನಿ, ಜಿಮ್ ಮಾಡ್ತಾರಂತೆ” ಅಂದ. ಕ್ವಾರಿಯ ಕಲ್ಲುಪುಡಿ ತುಂಬಿದ ಟ್ರಾಕ್ಟರುಗಳು ಬಂದವು. ಬಾವಿ ಮುಚ್ಚಿತು, ಹುಣಸೆಮರ ಉರುಳಿತು, ಹಿತ್ತಲ ಗೋಡೆ ಬಿತ್ತು, ಹಳದಿ ಬಣ್ಣದ ಕಬ್ಬಿಣದ ಯಂತ್ರಗಳು ನೆಟ್ಟಗೆ ನಿಂತವು. ಉದ್ಘಾಟನೆಗೆ ಬಂದವರೊಬ್ಬರು ವೇದಿಕೆಯ ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ, ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಮೈ ಬಗ್ಗಿಸಬೇಕು ಅಂತ ಭಾಷಣ ಬಿಗಿದರು. ಆಚಾರ ಹೇಳೋದು ಬದನೆಕಾಯಿ ತಿನ್ನೋದು! ಯಂತ್ರಗಳೆಲ್ಲ ಈಗ ರಸ್ತೆಗೆ ಮುಖ ಮಾಡಿವೆ, ಎದುರಿಗೇ ಟೀ ಅಂಗಡಿ. ಅಲ್ಲಿ ಕೂತ ಗಂಡಸರ ಕಣ್ಣೆದುರು ಯಾವ ಸೊಸೆ ಬಂದು ಕಾಲೆತ್ತುತ್ತಾಳೆ? ಆ ಯಂತ್ರಗಳ ಮೇಲೆ ಅವರೇ ಕೂತು ಬೀಡಿ ಸೇದಿ ಉಗಿಯುತ್ತಾರೆ. ಮಳೆ ಬಿದ್ದರೆ ಕಲ್ಲುಪುಡಿಯ ಸಂದಿಯಿಂದ ಅದೇ ಕೋಳಿಪುಕ್ಕದ ನಾತ ಮೇಲೇಳುತ್ತದೆ. ಥೂ!

ಹೋದ ಮಳೆಗಾಲದಲ್ಲಿ ಊರಿಗೆ ಹೋದಾಗ ತಮ್ಮನ ಮೊಮ್ಮಗಳು ಒಂದು ಯಂತ್ರ ಹತ್ತಿ ಗಾಳಿಯಲ್ಲಿ ಕಾಲು ಬೀಸುತ್ತಿದ್ದಳು. “ಇಳಿಯೇ, ಎಲ್ರೂ ನೋಡ್ತಾವ್ರೆ” ಅಂತ ಅವರಮ್ಮ ಒಳಗಿಂದ ಗದರಿದಳು. ಇಳಿದು ಬಂದ ಮಗು ನನ್ನನ್ನು ಕೇಳಿತು: “ಅಜ್ಜಿ, ಇದ್ರ ಕೆಳ್ಗೆ ಬಾವಿ ಇತ್ತಂತೆ. ನೀನು ತಳದಿಂದ ಕೆಸ್ರು ತಂದಿದ್ಯಂತೆ. ನಂಗೂ ಈಜು ಕಲ್ಸಜ್ಜಿ.”

ಎಲ್ಲಿ ಕಲಿಸಲಿ? ನಮ್ಮೂರಲ್ಲಿ ಈಗ ನೀರು ಅಂತ ಉಳಿದಿರುವುದು ಅಜ್ಜಿಯ ತಂಗಿಯನ್ನು ನುಂಗಿದ ಆ ನಾಲೆಯೊಂದೇ. ಮಗು ಇಸ್ಕೂಲಿಗೆ ಹೋಗುವುದೂ ಅದರ ಏರಿಯ ಮೇಲೆಯೇ. ಊರಲ್ಲಿದ್ದಷ್ಟು ದಿನ ನಾನೇ ಅವಳನ್ನು ಬಿಟ್ಟು ಬರುತ್ತಿದ್ದೆ. “ಯಾಕಜ್ಜಿ ಇಷ್ಟು ಗಟ್ಯಾಗಿ ಇಡ್ಕಂಡಿದ್ದೀಯೆ, ಕೈ ನೋಯ್ತದೆ” ಅನ್ನುತ್ತಿದ್ದಳು. ಕೆಳಗೆ ನೀರು ತುಂಬಿ ಹರಿಯುತ್ತಿತ್ತು. ನಾನು ಕೈ ಬಿಡಲಿಲ್ಲ.