ಗಾಳಿಯಲ್ಲಿ ದಾರಿ ಮಾಡಿದವರು

ಮೊನ್ನೆ ಮನೆಯ ಮೋಟರ್ ರಿಪೇರಿಗೆ ಬಂದವನು ವೈರಿಗೆ ಕಪ್ಪು ರಬ್ಬರ್ ಟೇಪು ಸುತ್ತುತ್ತಿದ್ದ. ಅದರ ವಾಸನೆ ಬಂದದ್ದೇ ತಡ, ನಮ್ಮ ಆಸ್ಪತ್ರೆಯ ಇಂಜಿನಿಯರ್ ಸಾಹೇಬರು ನೆನಪಾದರು. ಅವರ ಅಂಗಿಗೆ ಯಾವಾಗಲೂ ಅದೇ ವಾಸನೆ...

ಆಗ ನಾನು ಕಮಲಾಪುರದ ಸಣ್ಣ ದವಾಖಾನೆಯಲ್ಲಿ ನರ್ಸ್. ನಮ್ಮ ದೊಡ್ಡ ಆಸ್ಪತ್ರೆ, ಹೃದಯದ ಡಾಕ್ಟರು ಎಲ್ಲ ಕಲಬುರಗಿಯ ಸೇಡಂ ರಸ್ತೆಯಲ್ಲಿ. ನಾವು ಕಳಿಸುವ ಇಸಿಜಿ, ಅವರು ಫೋನಿನಲ್ಲಿ ಹೇಳುವ ಔಷಧ, ಎರಡೂ ನೆಲದೊಳಗಿನ ಒಂದೇ ಫೈಬರ್ ಕೇಬಲ್ಲಿನಲ್ಲಿ ಹೋಗಿಬರುತ್ತಿದ್ದವು.

ಒಂದು ಮಧ್ಯಾಹ್ನ ರಸ್ತೆ ಅಗಲ ಮಾಡುವವರು ಕೇಬಲ್ ಕಡಿದರು. ಅದೇ ಹೊತ್ತಿಗೆ ಎದೆ ಹಿಡಿದುಕೊಂಡು ಒಬ್ಬ ರೈತ ಬಂದ, ಜೊತೆಗೆ ಹೆಂಡತಿ. ಇಸಿಜಿ ತೆಗೆದೆ, ಓದುವವರಿಲ್ಲ. ಜೀಪಿನಲ್ಲಿ ಕಳಿಸಿದೆವು. ದಾರಿಯ ಮಹಾಗಾಂವ ದಾಟುವ ಮೊದಲೇ ಜೀವ ಹೋಯಿತು.

ಸಂಜೆ ಕಲಬುರಗಿಯಿಂದ ಸ್ಕೂಟರಿನಲ್ಲಿ ಬಂದ ಸಾಹೇಬರು ಎಲ್ಲ ಕೇಳಿಕೊಂಡರು.

"ಕೇಬಲ್ ಇದ್ದಿದ್ದರ ಉಳೀತಿದ್ದರೇನ್ರೀ, ಸಿಸ್ಟರ್?"

ನಾನು ಆ ಇಸಿಜಿ ಹಾಳೆಯನ್ನು ಅವರ ಕೈಗೆ ಕೊಟ್ಟೆ.

ಮರುವಾರ ಆಸ್ಪತ್ರೆಯ ಮೀಟಿಂಗಿನಲ್ಲಿ ಅವರು ಗಾಳಿಯಲ್ಲೇ ಸಿಗ್ನಲ್ ಕಳಿಸುವ ನಮ್ಮದೇ ಮೈಕ್ರೋವೇವ್ ಡಿಶ್ ಹಾಕೋಣ ಎಂದರು. "ಫೈಬರ್ ಅದ ಅಲ್ಲಾ, ಮತ್ಯಾಕ?" ಎಂದರು ದೊಡ್ಡ ಡಾಕ್ಟರು.

"ಫೈಬರ್ ಛಲೋನ ಅದರೀ. ಆದ್ರ ಯಾರರ ಅಗದ್ರ, ಮತ್ತೊಬ್ಬರು ಬಂದು ಜೋಡಸೂತನ ನಾವು ಕಾಯಬೇಕು. ಗಾಳ್ಯಾಗಿನ ದಾರಿ ಯಾರೂ ಅಗಿಯಂಗಿಲ್ರೀ. ಡಿಶ್ ಕೆಟ್ಟರ ನಾನೇ ಹತ್ತಿ ಸರಿ ಮಾಡ್ತೀನಿ."

ಐವತ್ತು ದಾಟಿದ ಮನುಷ್ಯ ನಿಜವಾಗಿಯೂ ಹತ್ತಿದರು. ಊರಹೊರಗಿನ ದಿಬ್ಬದ ಕಂಬದ ಮೇಲೆ ಅವರು ಕೂದಲೆಳೆಯಷ್ಟೇ ಬೋಲ್ಟು ತಿರುಗಿಸುವುದು, ಕೆಳಗೆ ನಾನು ಸಿಗ್ನಲ್ ಅಳೆಯುವ ಮಷೀನಿನ ಅಂಕಿ ಕೂಗಿ ಹೇಳುವುದು... ನಾಲ್ಕನೆಯ ದಿನ ಕಲಬುರಗಿಯ ಸಿಗ್ನಲ್ ಸಿಕ್ಕಿತು.

ಆ ಮಳೆಗಾಲದಲ್ಲಿ ಕೇಬಲ್ ಮತ್ತೆ ತುಂಡಾಯಿತು. ಒಬ್ಬ ಶಾಲೆ ಟೀಚರಮ್ಮನ ಇಸಿಜಿ ಡಿಶ್ಶಿನಲ್ಲೇ ಹೋಯಿತು, ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಬಿತ್ತು, ಆಕೆ ಉಳಿದರು. ಸಾಹೇಬರಿಗೆ ಫೋನಿನಲ್ಲಿ ಹೇಳಿದೆ. ಅವರು, "ಊಟಾ ಮಾಡೀರೇನ್ರೀ, ಸಿಸ್ಟರ್?" ಎಂದರು, ಅಷ್ಟೇ.

ಆ ರೈತನ ಹೆಂಡತಿ ಬಿಪಿ ತೋರಿಸಲು ಬಂದಾಗಲೆಲ್ಲ ಸಾಹೇಬರು ದವಾಖಾನೆಯಲ್ಲಿದ್ದರೆ ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದರು. ಡಿಶ್ ಯಾಕೆ ಬಂತೆಂದು ಆಕೆಗೆ ಹೇಳಲೇ ಎಂದು ಒಮ್ಮೆ ಕೇಳಿದೆ.

"ಬ್ಯಾಡ್ರೀ. ನಿನ್ನ ಗಂಡಗ ತಡಾ ಆತು ಅಂತ ಹೇಳಿದಂಗ ಆಗ್ತದ."

ಆ ದವಾಖಾನೆ ಮುಚ್ಚಿತು. ಸಾಹೇಬರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಮಣ್ಣಾದ ಮೇಲೆ. ನಿನ್ನೆ ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಆ ರೈತನ ಹೆಂಡತಿ ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ಪಕ್ಕದಲ್ಲಿ ಕೂತು, ಡಿಶ್ ಯಾಕೆ ಬಂತೆಂಬುದನ್ನೆಲ್ಲ ಹೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವರ ಮನಿ ಎಲ್ಲದ್ರೀ?"

"ಕಲಬುರಗಿ ಮೋಮಿನಪುರದಾಗ. ಹೆಂಡತಿ ಒಬ್ಬರೇ ಅದಾರ."

ಆಕೆ ಒಳ್ಳೆಯ ಚಿಪ್ಪೊಂದು ಆರಿಸಿ, ಉಳಿದ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿದಳು.

"ನಡೀರಿ."

ಕಲಬುರಗಿ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಆಕೆ ಸಾಹೇಬರ ಬಗ್ಗೆ ಕೇಳುತ್ತಲೇ ಇದ್ದಳು. ಅದನ್ನೆಲ್ಲ ಕೇಳಿಸಿಕೊಳ್ಳಬೇಕಾದವರು ಮಾತ್ರ ಇರಲಿಲ್ಲ.